ಮೈಕಿನವನು ಮಾತಾಡಬೇಕಾಗಿ ಬಂದದ್ದು

ಮೂವತ್ತು ವರ್ಷಗಳಿಂದ ನಾನು ಸಭೆಗಳಲ್ಲಿ ಮಾತಾಡುತ್ತ ಬಂದಿದ್ದೇನೆ. ಮಾತು ಯಾವಾಗಲೂ ಒಂದೇ: "ಹಲೋ, ಹಲೋ, ಒಂದು, ಎರಡು, ಮೂರು." ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ನನ್ನಷ್ಟು ಸಲ ವೇದಿಕೆ ಹತ್ತಿದವರು ಯಾರೂ ಇರಲಾರರು. ಹತ್ತಿದಷ್ಟೇ ಬೇಗ ಇಳಿದವರೂ ಇರಲಾರರು. ಆಲಂಕಾರಿನಲ್ಲಿ ನನ್ನದೊಂದು ಮೈಕಿನ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಹಾಲಿನ ಸೊಸೈಟಿಯ ಮಹಾಸಭೆ, ಎಲ್ಲಿ ನಾಲ್ಕು ಜನ ಸೇರಿ ಐದನೆಯವನ ಮಾತು ಕೇಳಬೇಕೋ ಅಲ್ಲಿಗೆ ನಾನು ಬಾಕ್ಸು, ಆಂಪ್ಲಿಫೈಯರು, ವೈರುಗಳ ಸಮೇತ ಹೋಗುತ್ತೇನೆ. ಜನ ಕೂರುವ ಮೊದಲೇ ಒಂದು, ಎರಡು, ಮೂರು ಹೇಳಿ ಮುಗಿಸಿ ವೇದಿಕೆಯ ಪಕ್ಕದ ಮೂಲೆ ಸೇರುತ್ತೇನೆ. ನಾಲ್ಕು ಅಂತ ನಾನು ಇವತ್ತಿನವರೆಗೆ ಹೇಳಿದ್ದಿಲ್ಲ.

ಆ ಮೂಲೆಯಿಂದ ಕಾಣುವ ಲೋಕವೇ ಬೇರೆ. ಜನರಿಗೆ ಭಾಷಣಕಾರರ ಮುಖ ಕಾಣುತ್ತದೆ, ನನಗೆ ಕಾಲು ಕಾಣುತ್ತದೆ. ಮೇಲೆ ಗುಡುಗುತ್ತಿದ್ದ ಒಬ್ಬ ಮುಖಂಡರು ಮುಕ್ಕಾಲು ಗಂಟೆ ಎಡಗಾಲಿನ ಚಪ್ಪಲಿ ಕಳಚುತ್ತ ಹಾಕುತ್ತ ಇದ್ದದ್ದನ್ನು ನೋಡಿದ್ದೇನೆ. ಶಿಸ್ತಿಗೆ ಹೆಸರಾದ ಒಬ್ಬ ಹೆಡ್ಮಾಸ್ಟರರ ಮೊಣಕಾಲು ಬೀಳ್ಕೊಡುಗೆಯ ದಿನ ನಡುಗಿದ್ದನ್ನೂ ನೋಡಿದ್ದೇನೆ. ಕೈಯಲ್ಲಿ ಕಾಗದ ಹಿಡಿದವರದ್ದಂತೂ ಕೇಳುವುದೇ ಬೇಡ, ಕಾಗದದ ನಡುಕವನ್ನು ಮೈಕು ಎಷ್ಟು ಚೆನ್ನಾಗಿ ಹಿಡಿಯುತ್ತದೆಂದರೆ ಅಂಗಳದಾಚೆಗೂ ಮಳೆ ಬಂದ ಹಾಗೆ ಕೇಳುತ್ತದೆ. ಆಗ ನಾನು ಗುಟ್ಟಾಗಿ ಒಂದು ಗುಂಡಿ ತಿರುಗಿಸಿ ಆ ಸದ್ದು ತಗ್ಗಿಸುತ್ತೇನೆ. ಹೀಗೆ ನಾನು ಮಾನ ಉಳಿಸಿಕೊಟ್ಟವರು ಎಷ್ಟೋ ಜನ ಇದ್ದಾರೆ, ಅವರಿಗೆ ಅದು ಗೊತ್ತಿಲ್ಲ.

ಇಷ್ಟೆಲ್ಲ ನೋಡಿದವನಿಗೆ ಧೈರ್ಯ ಬರಬೇಕಿತ್ತು. ನನಗೆ ಬಂದದ್ದು ಬೇರೆಯೇ ಯೋಚನೆ: ಇಂಥವರ ಕಾಲೇ ನಡುಗುವಾಗ ನನ್ನಂಥವನು ನಿಲ್ಲುವುದಾದರೂ ಹೇಗೆ? ಕೆಲವರು ಈ ಹೆದರಿಕೆಗೆ ಬಾಲ್ಯದ ಕಾರಣ ಹೇಳುತ್ತಾರೆ, ಶಾಲೆಯಲ್ಲಿ ಮರೆತ ಭಾಷಣ, ಮೇಷ್ಟ್ರ ಗದರಿಕೆ, ಹುಡುಗಿಯರ ನಗು. ನನಗೆ ಅಂಥ ಕಥೆಯೂ ಇಲ್ಲ. ಶಾಲೆಯಲ್ಲಿ ನನ್ನನ್ನು ಯಾರೂ ಮಾತಾಡು ಅಂತ ಕೇಳಲೇ ಇಲ್ಲ. ನಾನು ಕಾರಣವಿಲ್ಲದೆ ಹೆದರಿಕೊಂಡವನು, ಅಂದರೆ ಶುದ್ಧ ಸ್ವಂತ ಪ್ರತಿಭೆ.

ಆ ಪ್ರತಿಭೆ ಪೂರ್ತಿ ಬೆಳಗಿದ್ದು ಕೊಲ್ಲಮೊಗ್ರಿನಲ್ಲಿ. ಅಲ್ಲಿಯ ಯುವಕರ ಸಂಘದವರು ವಾರ್ಷಿಕ ಕಾರ್ಯಕ್ರಮಕ್ಕೆ ವರ್ಷಾವರ್ಷ ನನ್ನ ಮೈಕನ್ನೇ ಕರೆಸುತ್ತಿದ್ದರು. ಒಂದು ವರ್ಷ ಮೈಕಿನ ಜೊತೆ ಮೈಕಿನವನಿಗೂ ಸನ್ಮಾನ ಮಾಡುವುದೆಂದು ತೀರ್ಮಾನಿಸಿದರು. ನನಗೆ ಶಾಲು ಹೊದೆಸಿದರು, ತಲೆಗೆ ಪೇಟ ಇಟ್ಟರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಇಷ್ಟರವರೆಗೆ ನಾನು ಕುರ್ಚಿಯಲ್ಲಿ ಕೂತು ತಾಳಿಕೊಂಡೆ. ಆಗ ನಿರೂಪಕ, "ಈಗ ಸನ್ಮಾನಿತರಿಂದ ಎರಡು ಮಾತು" ಎಂದ.

ಎರಡು ಮಾತು ನನ್ನಲ್ಲಿ ತಯಾರಿತ್ತು. "ಎಲ್ಲರಿಗೂ ನಮಸ್ಕಾರ." ಲೆಕ್ಕಕ್ಕೆ ಸರಿಯಾಗಿ ಎರಡು. ಆದರೆ ಮೈಕಿನ ಕಡೆ ನಡೆಯುವಾಗ ಬಾಯಿ ಒಣಗಿತು, ಕಿವಿ ಬಿಸಿಯಾಯಿತು, ಮುಂದೆ ಕೂತವರ ಮುಖಗಳೆಲ್ಲ ಒಂದೇ ಮುಖವಾದವು. ಕೆಳಗೆ ನೋಡಿದರೆ ನಾನೇ ಬೆಳಿಗ್ಗೆ ಎಳೆದ ವೈರು. ಅದರ ಜೋಡಣೆ ಎಲ್ಲಿ ಸಡಿಲವೆಂದು ಪ್ರಪಂಚದಲ್ಲಿ ನನಗೊಬ್ಬನಿಗೇ ಗೊತ್ತು. ಕಾಲಿನ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಕಿತ್ತೆ. ಮೈಕು ಸತ್ತಿತು.

ಆಮೇಲೆ ಹತ್ತು ನಿಮಿಷ ನಾನು ಶಾಲು ಪೇಟಗಳ ಸಮೇತ ಮೇಜಿನ ಕೆಳಗೆ ಕೂತು, ನಾನೇ ಮಾಡಿದ ದೋಷವನ್ನು ಹುಡುಕಿದೆ. ಮಕ್ಕಳ ನೃತ್ಯಕ್ಕೆ ಹೊತ್ತಾಯಿತೆಂದು ಸಂಘದವರು ಮುಂದಿನ ಕಾರ್ಯಕ್ರಮ ಕರೆದ ಮರುಕ್ಷಣವೇ ದೋಷ ಸಿಕ್ಕಿತು. ಅಧ್ಯಕ್ಷರು ಮೈಕು ಹಿಡಿದು, "ನೋಡಿ, ಸನ್ಮಾನದ ದಿನವೂ ಕೆಲಸ ಬಿಡದ ಮನುಷ್ಯ. ಇಂಥವರು ಈಗ ಎಲ್ಲಿದ್ದಾರೆ?" ಎಂದರು. ಸಭೆ ಚಪ್ಪಾಳೆ ತಟ್ಟಿತು. ಮೇಜಿನ ಕೆಳಗಿನಿಂದಲೇ ನಾನು ಕೈಮುಗಿದೆ.

ಮುಂದಿನ ಸಾಲಿನಲ್ಲಿ ನನ್ನ ಮಗಳು ಕೂತಿದ್ದಳು. ಆಗ ಕಾಲೇಜಿನ ಮೊದಲ ವರ್ಷ. ಮನೆಗೆ ಬರುವಾಗ ದಾರಿಯುದ್ದಕ್ಕೂ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ದಣಿದಿದ್ದಾಳೆ ಅಂತ ನಾನು ಅಂದುಕೊಂಡೆ.

ಅದೇ ಮಗಳು ಈಗ ಪುತ್ತೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ದಿನಕ್ಕೆ ನಾಲ್ಕು ಗಂಟೆ, ಮೈಕಿಲ್ಲದೆ. ಹೋದ ವರ್ಷ ಅವಳಿಗೆ ಮರ್ಕಂಜದ ಒಂದು ಮನೆಯಿಂದ ಸಂಬಂಧ ಕೂಡಿಬಂತು. ಹುಡುಗ ಅವಳು ಮೆಚ್ಚಿದವನೇ, ಜನ ಒಳ್ಳೆಯವರು, ನಮಗೆಲ್ಲ ಸಂತೋಷ. ವೀಳ್ಯಶಾಸ್ತ್ರಕ್ಕೆ ದಿನ ಗೊತ್ತಾಯಿತು. ನನ್ನ ನಿದ್ದೆ ಹೋದದ್ದು ಅಲ್ಲಿಂದ.

ವೀಳ್ಯಶಾಸ್ತ್ರವೆಂದರೆ ನಮ್ಮ ಕಡೆಯ ಗೌಡರಲ್ಲಿ ಮದುವೆ ನಿಶ್ಚಯದ ಶಾಸ್ತ್ರ. ಹೆಣ್ಣಿನ ಮನೆಯಲ್ಲಿ ಚಾಪೆ ಹಾಸಿ ದೀಪ ಇಡುತ್ತಾರೆ. ಎರಡು ಕಡೆಯವರೂ ಎದುರುಬದುರು ಸಾಲಾಗಿ ನಿಲ್ಲುತ್ತಾರೆ. ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ. ಗಂಡಿನ ಕಡೆಯ ಒಬ್ಬರು ಹೆಣ್ಣನ್ನು ಕೇಳಬೇಕು, ಹೆಣ್ಣಿನ ಕಡೆಯ ಒಬ್ಬರು ಕೊಟ್ಟೆವೆಂದು ಹೇಳಬೇಕು. ಹೇಳುವುದು ಕೂಡಿದ ಬಂಧುಗಳೆಲ್ಲರಿಗೂ ಕೇಳುವ ಹಾಗೆ, ನಿಂತುಕೊಂಡು, ಗಟ್ಟಿಯಾಗಿ. ಸಹಿ ಇಲ್ಲ, ಕಾಗದ ಇಲ್ಲ, ಮಾತೇ ಎಲ್ಲ. ನಮ್ಮ ಮನೆಯಲ್ಲಿ ಇಷ್ಟು ಕಾಲ ಅದನ್ನು ಹೇಳುತ್ತಿದ್ದವರು ನನ್ನ ಅಣ್ಣ. ಅವರಿಗೆ ಗಂಟಲಿನ ಆಪರೇಷನ್ ಆದ ಮೇಲೆ ಸ್ವರ ಮೈಕಿಗೂ ಸಿಗದ ಪಿಸುಮಾತಿಗೆ ಇಳಿದಿತ್ತು, ಈಗ ಸರದಿ ನನ್ನದು.

ನಾನು ಎದೆಗುಂದಲಿಲ್ಲ. ಊರಿನಲ್ಲಿ ಎಲ್ಲರ ಮನೆಗೂ ಹೋಗಿ ಮಾತು ಹೇಳುವ ಒಬ್ಬ ದೂರದ ಸಂಬಂಧಿ ಇದ್ದಾರೆ, ಅವರನ್ನು ಕರೆಯುವುದೆಂದು ನಿಶ್ಚಯಿಸಿ ಊಟದ ಹೊತ್ತಿಗೆ ಘೋಷಿಸಿದೆ. ನಮ್ಮ ಮನೆಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅರೆಭಾಷೆಯಲ್ಲಿ ಕೇಳಿದ್ದರೆ ಇದರ ಖಾರ ಇನ್ನೂ ಜಾಸ್ತಿ.

ಮಗಳು ಕೇಳಿದಳು, "ಅವರಿಗೆ ನಾನು ಯಾರು ಅಂತ ಗೊತ್ತುಂಟಾ?"

"ಗೊತ್ತಿಲ್ಲದೆ ಎಂತ? ನಿನ್ನ ತೊಟ್ಟಿಲಿಗೆ ಬಂದವರು."

"ಕಳೆದ ಸಲ ಒಂದು ಮದುವೆಯಲ್ಲಿ ಹೆಣ್ಣಿನ ಹೆಸರಿನ ಬದಲು ಅವಳ ಅಕ್ಕನ ಹೆಸರು ಹೇಳಿದವರು ಅವರು. ಅಕ್ಕನಿಗೆ ಮದುವೆ ಆಗಿ ಎರಡು ಮಕ್ಕಳುಂಟು. ಅಪ್ಪ, ನನ್ನನ್ನು ಕೊಡುದು ನೀವಾ, ಅವರಾ?"

"ಕೊಡುದು ನಾನೇ. ಹೇಳುದು ಮಾತ್ರ ಅವರು."

ಅವಳು ಊಟ ನಿಲ್ಲಿಸಿದಳು. "ಕೊಲ್ಲಮೊಗ್ರಿನಲ್ಲಿ ನೀವು ಕಾಲಿನಲ್ಲಿ ವೈರು ಕಿತ್ತದ್ದು ನಾನು ನೋಡಿದ್ದೇನೆ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ನೀವು ಎಲ್ಲರೆದುರು ಒಂದೇ ಒಂದು ಮಾತಾಡುದನ್ನು ನನಗೆ ಕೇಳಬೇಕು ಅಂತ ಅವತ್ತಿನಿಂದ ಆಸೆ. ಬೇರೆಯವರ ಬಾಯಲ್ಲಿ ಕೊಡುದಾದರೆ ನನಗೆ ಬೇಸರ ಆಗ್ತದೆ, ಅಷ್ಟೆ."

ನನ್ನ ಹೆಂಡತಿ ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದು, "ಎಂತ ವೈರು?" ಎಂದಳು. ಆ ರಹಸ್ಯವೂ ಅವತ್ತು ಹೋಯಿತು. ನಾನು ತಲೆ ತಗ್ಗಿಸಿ ಅನ್ನ ಕಲಸಿದೆ. ನಾಚಿಕೆಯಾಯಿತು. ಇಷ್ಟು ವರ್ಷ ನನ್ನ ಹೇಡಿತನವನ್ನು ನನ್ನ ಮಗಳು ಮಡಿಲಲ್ಲಿ ಇಟ್ಟುಕೊಂಡು ಕಾದಿದ್ದಳು. ಹೇಳುತ್ತೇನೆ ಅಂತ ಒಪ್ಪಿಕೊಂಡೆ.

ಒಪ್ಪಿದ ಮರುದಿನವೇ ಗೆಳೆಯನ ಹತ್ತಿರ ಓಡಿದೆ. ಅವನು ಕಡಬದಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವನು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ನನ್ನ ಹತ್ತಿರ ಕನ್ನಡ, ಕೇರಳದಿಂದ ಫೋನು ಬಂದರೆ ಮಲಯಾಳ, ಯಾವುದರಲ್ಲೂ ನಿಲ್ಲಿಸದೆ ಮಾತಾಡಬಲ್ಲ. ನಾವಿಬ್ಬರೂ ಇಪ್ಪತ್ತು ವರ್ಷಗಳಿಂದ ಒಂದೇ ಕಾರ್ಯಕ್ರಮಗಳಿಗೆ ಹೋಗುವವರು.

ನನ್ನ ಕಷ್ಟ ಕೇಳಿ ಅವನು ನಗಲಿಲ್ಲ. "ನಿಮಗೆ ಮಾತಿನ ಹೆದರಿಕೆ ಅಲ್ಲ ಮಾರಾಯ್ರೆ. ಸಭೆಯವರು ನಿಮ್ಮ ಕಡೆ ತಿರುಗುದು ಯಾವಾಗ ಹೇಳಿ."

"ಮೈಕು ಕಿರುಚಿದಾಗ. ಇಲ್ಲ, ಸದ್ದು ನಿಂತಾಗ."

"ಹಾಂ. ಎಲ್ಲ ಸರಿ ಇದ್ದರೆ ನಿಮ್ಮನ್ನು ಯಾರೂ ನೋಡುದಿಲ್ಲ. ಮೂವತ್ತು ವರ್ಷದಲ್ಲಿ ಜನ ನಿಮ್ಮ ಮುಖ ನೋಡಿದ್ದೆಲ್ಲ ಏನಾದರೂ ಹಾಳಾದಾಗಲೇ. ಈಗ ಯಾರಾದರೂ ನೋಡಿದರೆ ಸಾಕು, ಎಂತದೋ ಹಾಳಾಯ್ತು ಅಂತ ನಿಮ್ಮ ಜೀವ ಹಾರ್ತದೆ. ನನಗೂ ಹಾಗೆಯೇ, ಕುರ್ಚಿ ಮುರಿದರೆ ಮಾತ್ರ ನನ್ನನ್ನು ಹುಡುಕುದು. ಆದರೆ ನನಗೆ ಮಾನ ಕಡಿಮೆ, ಅದಕ್ಕೆ ಹೆದರಿಕೆಯೂ ಕಡಿಮೆ."

ಇಷ್ಟು ಸರಳವಾದ ವಿಷಯ ನನಗೆ ಹೊಳೆದೇ ಇರಲಿಲ್ಲ. ನೂರು ಜನ ಒಟ್ಟಿಗೆ ನನ್ನ ಕಡೆ ನೋಡುವುದೆಂದರೆ ನನ್ನ ಮೈಗೆ ಗೊತ್ತಿದ್ದ ಅರ್ಥ ಒಂದೇ, ತಪ್ಪು ನನ್ನದು. ವೇದಿಕೆಯಲ್ಲಿ ಯಾರದಾದರೂ ಮಾತು ತಡೆದು ಒಂದು ಕ್ಷಣ ಮೌನವಾದರೂ ನನ್ನ ಕೈ ತಾನಾಗಿ ಗುಂಡಿ ಹುಡುಕುತ್ತಿತ್ತು. ಕಾರಣ ತಿಳಿದ ಖುಷಿಯಲ್ಲಿ ಹೆದರಿಕೆಯೂ ಹೋಯಿತೆಂದು ಎಣಿಸಿ ಮನೆಗೆ ಬಂದೆ. ಮನೆ ತಲುಪುವಷ್ಟರಲ್ಲಿ ಅದೂ ನನ್ನ ಹಿಂದೆಯೇ ಬಂದಿತ್ತು.

ಅಭ್ಯಾಸ ಶುರುವಾಯಿತು. ಗೆಳೆಯ ಕೊಟ್ಟ ಉಪಾಯ, ಖಾಲಿ ಕುರ್ಚಿಗಳಿಗೆ ಹೇಳುವುದು. ಮರುವಾರ ಒಂದು ಗೃಹಪ್ರವೇಶಕ್ಕೆ ಅವನು ಇನ್ನೂರು ಕುರ್ಚಿ ಹಾಕಿಟ್ಟಿದ್ದ, ಜನ ಬಂದಿರಲಿಲ್ಲ. ಎದುರು ನಿಂತೆ. ಕೈಗಳಿದ್ದ ಪ್ಲಾಸ್ಟಿಕ್ ಕುರ್ಚಿಗಳು, ಎಲ್ಲವೂ ಕೈ ಚಾಚಿ ನನ್ನನ್ನೇ ಕಾಯುತ್ತಿದ್ದಂತೆ ಅನಿಸಿತು. "ಕೂಡಿದ ಬಂಧುಗಳ ಸಮಕ್ಷಮ" ಎಂದು ಶುರು ಮಾಡಿ, "ಒಂದು, ಎರಡು, ಮೂರು" ಎಂದು ಮುಗಿಸಿದೆ. ಗೆಳೆಯ ಮುಖ ತಿರುಗಿಸಿ ಹಗ್ಗ ಬಿಗಿದ.

ಮನೆಯ ಜಗಲಿಯಲ್ಲಿ ಹೆಂಡತಿ ಗಂಡಿನ ಕಡೆಯವಳಾಗಿ ನಿಲ್ಲುತ್ತಿದ್ದಳು. ಅವಳು ಸೊಂಟಕ್ಕೆ ಕೈ ಇಟ್ಟು, ಗತ್ತಿನಿಂದ ಹೆಣ್ಣು ಕೇಳುತ್ತಿದ್ದಳು. ನಾನು ಕಾಗದ ನೋಡಿ ಉತ್ತರ ಓದುತ್ತಿದ್ದೆ. ಮೊದಲ ದಿನ ಅವಳು ಕೇಳಿದ್ದು, "ನೀವು ಹೆಣ್ಣು ಕೊಡುದಾ, ಕ್ಷಮೆ ಕೇಳುದಾ?" ಒಂದು ವಾರದ ನಂತರ, "ಈಗ ಹೆಣ್ಣು ಕೊಡುವ ಹಾಗೆ ಉಂಟು, ಆದರೆ ಬೇರೆಯವರ ಹೆಣ್ಣು." ಹದಿನೈದು ದಿನಕ್ಕೆ ಕಾಗದ ಬೇಡವಾಯಿತು. ದನಕ್ಕೆ ಹುಲ್ಲು ಹಾಕುವಾಗ, ಸ್ಕೂಟರಿನಲ್ಲಿ ಹೋಗುವಾಗ, ಹಲ್ಲುಜ್ಜುವಾಗ ಮಾತು ತಾನೇ ಬರುತ್ತಿತ್ತು. "ಕೂಡಿದ ಬಂಧುಗಳ ಸಮಕ್ಷಮ, ಕುಲದೇವರನ್ನು ನೆನೆದು, ಹಿರಿಯರು ನಡೆಸಿಕೊಂಡು ಬಂದ ಕಟ್ಟಿನ ಪ್ರಕಾರ, ನಮ್ಮ ಮನೆಯ ಮಗಳನ್ನು ನಿಮ್ಮ ಮನೆಗೆ ಕೊಟ್ಟೆವು." ಇಷ್ಟೇ. ನನಗೇ ನನ್ನ ಮೇಲೆ ಅಭಿಮಾನ ಬಂತು. ಅಲ್ಲಿಯೇ ನಾನು ಎಚ್ಚರಾಗಬೇಕಿತ್ತು.

ಆ ದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಗೆಳೆಯನ ಶಾಮಿಯಾನ, ನನ್ನ ಮೈಕು. ಸ್ವಂತ ಮಗಳ ಕಾರ್ಯಕ್ಕೆ ಹೊಸ ಕಾರ್ಡ್‌ಲೆಸ್ ಮೈಕು ತರಿಸಿದ್ದೆ. ಅದಕ್ಕೆ ವೈರೇ ಇಲ್ಲವೆಂದು ಮಗಳು ಖಾತ್ರಿ ಮಾಡಿಕೊಂಡಳು. ಹನ್ನೊಂದು ಗಂಟೆಗೆ ಮರ್ಕಂಜದವರು ಬಂದರು. ಕಾಲಿಗೆ ನೀರು, ಬೆಲ್ಲ ನೀರು, ಕುಶಲ ಎಲ್ಲ ಆಯಿತು. ಚಾಪೆಯ ಆಚೆ ಈಚೆ ನಿಂತೆವು. ನನ್ನ ಎದುರಿಗೆ ಹುಡುಗನ ದೊಡ್ಡಪ್ಪ, ಜೇನು ಸಾಕುವ ಉದ್ದನೆಯ ಮನುಷ್ಯ, ಅವಸರವೇ ಗೊತ್ತಿಲ್ಲದ ಮುಖ. ಮಗಳು ಒಳಬಾಗಿಲಲ್ಲಿ ನಿಂತಿದ್ದಳು. ಹಸಿರು ಸೀರೆ. ಅವಳ ಕಡೆ ನೋಡಿ ತಲೆಯಾಡಿಸಿದೆ, ತಯಾರಿದ್ದೇನೆ ಅಂತ.

ದೊಡ್ಡಪ್ಪ ಮೈಕು ಹಿಡಿದು ಶುರು ಮಾಡಿದರು. "ಕೂಡಿದ ಬಂಧುಗಳ ಸಮಕ್ಷಮ, ಕುಲದೇವರನ್ನು ನೆನೆದು, ಹಿರಿಯರು ನಡೆಸಿಕೊಂಡು ಬಂದ ಕಟ್ಟಿನ ಪ್ರಕಾರ ಕೇಳುತ್ತೇವೆ. ನಿಮ್ಮ ಮನೆಯ ಮಗಳನ್ನು ನಮ್ಮ ಮನೆಗೆ ಕೊಡಬೇಕು."

ಇಲ್ಲಿ ನನ್ನ ಕಸುಬಿನ ಒಂದು ವಿಷಯ ಹೇಳಬೇಕು. ಎಷ್ಟೋ ವೀಳ್ಯಶಾಸ್ತ್ರಗಳಿಗೆ ನಾನು ಮೈಕು ಹಾಕಿದ್ದೇನೆ. ಮೊದಲು ಮಾತಾಡುವವರು ಗಂಡಿನ ಕಡೆಯವರು. ಅವರ ಸ್ವರಕ್ಕೆ ಸದ್ದನ್ನು ಹೊಂದಿಸಬೇಕಾದ್ದರಿಂದ ಒಂದೊಂದು ಅಕ್ಷರವನ್ನೂ ಕಿವಿಗೊಟ್ಟು ಕೇಳುತ್ತೇನೆ. ಹೊಂದಿಸಿ ಆಯಿತೆಂದರೆ ನನ್ನ ಕೆಲಸ ಮುಗಿಯಿತು. ಹೆಣ್ಣಿನ ಕಡೆಯವರು ಉತ್ತರ ಹೇಳುವಾಗ ನಾನು ಚಹಾ ಕುಡಿಯುತ್ತಿರುತ್ತೇನೆ. ಮೂವತ್ತು ವರ್ಷ ನನ್ನ ಕಿವಿಗೆ ಬಿದ್ದದ್ದು ಹೆಣ್ಣು ಕೇಳುವವರ ಮಾತು, ಕೊಡುವವರ ಮಾತು ಬಾಯಿಗೆ ಬಂದದ್ದು ಬರೇ ಹದಿನೈದು ದಿನ.

ಮೈಕು ನನ್ನ ಕೈಗೆ ಬಂತು. ಕೈ ನಡುಗಲಿಲ್ಲ. "ಕೂಡಿದ ಬಂಧುಗಳ ಸಮಕ್ಷಮ" ಎಂದೆ. ಸ್ವರ ಎಷ್ಟು ಚೆನ್ನಾಗಿ ಬಂತೆಂದರೆ ನಾನೇ ಮನಸ್ಸಿನಲ್ಲಿ ನನಗೆ ನಂಬರು ಕೊಟ್ಟೆ. ಕುಲದೇವರನ್ನು ನೆನೆದೆ, ಹಿರಿಯರ ಕಟ್ಟು ಹೇಳಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅದೂ ಹಿತವಾಗಿಯೇ ಇತ್ತು. ಮುಂದಿನ ಮಾತನ್ನು ನಾಲಿಗೆ ತಾನೇ ಹಳೆಯ ದಾರಿ ಹಿಡಿದು ಹೇಳಿತು: "ಕೇಳುತ್ತೇವೆ. ನಿಮ್ಮ ಮನೆಯ ಮಗಳನ್ನು ನಮ್ಮ ಮನೆಗೆ ಕೊಡಬೇಕು."

ಹೇಳಿ ಗತ್ತಿನಿಂದ ನಿಂತೆ. ಎದುರು ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಸದ್ದು ಹೋಗಿರಬೇಕೆಂದು ನಾನು ಆಂಪ್ಲಿಫೈಯರಿನ ಕಡೆ ತಿರುಗಿದೆ. ಸದ್ದು ಹೋಗಿರಲಿಲ್ಲ, ಮೂಲೆಯಲ್ಲಿ ಕೂತಿದ್ದ ನನ್ನ ಸೋದರತ್ತೆಗೂ ಸ್ಪಷ್ಟವಾಗಿ ಕೇಳಿತ್ತು. ಕಿವಿ ಮಂದವಾದವರು ಅವರು.

"ಎರಡು ಕಡೆಯವರೂ ಹೆಣ್ಣು ಕೇಳಿದರೆ ಕೊಡುದು ಯಾರು?" ಎಂದರು ಅತ್ತೆ.

ಶಾಮಿಯಾನ ಹಾರುವಷ್ಟು ನಗು. ಮಕ್ಕಳು ನಕ್ಕರು, ಅಡುಗೆಯವರು ಸೌಟು ಹಿಡಿದು ಹೊರಗೆ ಬಂದು ಏನೆಂದು ಕೇಳಿ ಅವರೂ ನಕ್ಕರು. ಪಿಸುಮಾತಿನ ನನ್ನ ಅಣ್ಣ ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಹದಿನೈದು ದಿನದ ಅವಳ ಶ್ರಮವೂ ಅದರೊಳಗೇ ಮುಚ್ಚಿಹೋಗಿತ್ತು. ನಾನು ಭೂಮಿ ಬಾಯಿ ಬಿಡುತ್ತದೋ ಅಂತ ಚಾಪೆ ನೋಡಿದೆ. ನಾನು ಜೀವಮಾನವಿಡೀ ಹೆದರಿದ್ದು ಯಾವುದಕ್ಕೋ ಅದು ಸಾಲಂಕೃತವಾಗಿ, ಹೊಸ ಮೈಕಿನಲ್ಲಿ, ನೆಂಟರೆಲ್ಲರ ಮುಂದೆ ಆಗಿಬಿಟ್ಟಿತ್ತು. ಇನ್ನು ಹಾಳಾಗಲಿಕ್ಕೆ ಏನೂ ಉಳಿದಿರಲಿಲ್ಲ. ಆ ಯೋಚನೆಯಿಂದ ವಿಚಿತ್ರವಾದ ಸಮಾಧಾನವಾಯಿತು, ನನಗೂ ನಗು ಬಂತು.

ಹುಡುಗನ ದೊಡ್ಡಪ್ಪ ಮಾತ್ರ ನಗಲಿಲ್ಲ. ಕೈ ಎತ್ತಿ ತಮ್ಮ ಕಡೆಯವರನ್ನು ಸುಮ್ಮನಾಗಿಸಿದರು. ನನ್ನ ಕೈಯಲ್ಲಿದ್ದ ಮೈಕಿನ ಹತ್ತಿರಕ್ಕೆ ಬಗ್ಗಿ, ಮೊದಲಿನ ಅದೇ ನಿಧಾನದಲ್ಲಿ ಹೇಳಿದರು:

"ಅವರು ಕೇಳಿದ್ದರಲ್ಲಿ ತಪ್ಪು ಎಂತ ಉಂಟು? ಮೂರು ಹೆಣ್ಣುಮಕ್ಕಳನ್ನು ಕೊಟ್ಟವ ನಾನು. ಮೂರು ಸಲವೂ ಹೀಗೆ ಕೇಳಬೇಕು ಅಂತ ಇತ್ತು, ಧೈರ್ಯ ಬರಲಿಲ್ಲ. ನೋಡಿ ಮಾರಾಯ್ರೆ, ಇವತ್ತು ನಮಗೆ ಕೊಡಿ. ಮತ್ತೆ ನೀವು ಯಾವಾಗ ಮಗಳನ್ನು ಕೇಳಿದರೂ ಕಳಿಸಿಕೊಡ್ತೇವೆ, ಕಾರಣ ಕೇಳುದಿಲ್ಲ. ಇದು ಕೂಡಿದ ಬಂಧುಗಳ ಸಮಕ್ಷಮ ಹೇಳಿದ ಮಾತು."

ನಗು ನಿಂತಿತು. ನನಗೆ ಧೈರ್ಯವಿದೆಯೆಂದು ಹೇಳಿದ ಮೊದಲ ಮನುಷ್ಯ ಅವರು, ಅದೂ ನನ್ನ ಜೀವನದ ಅತಿ ದೊಡ್ಡ ತಪ್ಪಿಗೆ.

ನಾನು ಮತ್ತೆ ಶುರು ಮಾಡಿದೆ. ಬಂಧುಗಳು, ಕುಲದೇವರು, ಹಿರಿಯರು, ಎಲ್ಲ ಸರಿಯಾಗಿ ಬಂತು. "ನಮ್ಮ ಮನೆಯ ಮಗಳನ್ನು ನಿಮ್ಮ ಮನೆಗೆ" ಎನ್ನುವವರೆಗೆ ಬಂದೆ. ಅಲ್ಲಿ ನಿಂತೆ. ಮರೆತಿರಲಿಲ್ಲ. ಹೆದರಿಕೆಯೂ ಆಗಿರಲಿಲ್ಲ, ಬಾಯಿ ಒಣಗಿರಲಿಲ್ಲ, ಕಿವಿ ತಣ್ಣಗಿತ್ತು. ಉಳಿದದ್ದು ಒಂದೇ ಪದ. ಅದರ ಅರ್ಥ ಹದಿನೈದು ದಿನ ಅಭ್ಯಾಸ ಮಾಡಿದರೂ ನನಗೆ ತಿಳಿದಿರಲಿಲ್ಲ, ಈಗ ತಿಳಿಯಿತು. ಅಪ್ಪ ಪುನಃ ಹೆದರಿದ ಅಂತ ಒಂದಿಬ್ಬರು ಮರುಗಿದ್ದೂ ಕಂಡಿತು. ಒಳಬಾಗಿಲಲ್ಲಿ ಮಗಳು ಮಾತ್ರ ಹಾಗೆ ಎಣಿಸಲಿಲ್ಲ. ಹೇಳಿ ಅಂತಲೂ ಸನ್ನೆ ಮಾಡಲಿಲ್ಲ, ಬೇಡ ಅಂತಲೂ ಮಾಡಲಿಲ್ಲ.

ಸಭೆ ಕಾಯುತ್ತಿತ್ತು. ನಾನೂ ಅವಸರ ಮಾಡಲಿಲ್ಲ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎಲ್ಲರೆದುರು ಸುಮ್ಮನೆ ನಿಂತುಕೊಂಡು, ಆಮೇಲೆ "ಕೊಟ್ಟೆವು" ಎಂದೆ.